ಗೊರಕೆ ಸುಖನಿದ್ರೆಯ ಲಕ್ಷಣವಲ್ಲ

ಶ್ರಾವಣ ಮಾಸದ ಪ್ರವಚನಕ್ಕೆ ಹೋಗಿ ಬಂದವರಿಗೆಲ್ಲ ಈ ದೃಶ್ಯ ಪರಿಚಿತವಾದುದೇ. ಪೂಜ್ಯರು ಶರಣರ ಚರಿತೆಯನ್ನು ನಿರೂಪಿಸುತ್ತಿರುತ್ತಾರೆ, ಸಭೆ ತಲ್ಲೀನವಾಗಿರುತ್ತದೆ. ಮೂರನೆಯ ಸಾಲಿನಲ್ಲಿ ಕುಳಿತ ಹಿರಿಯರೊಬ್ಬರ ತಲೆ ಮೆಲ್ಲನೆ ಎದೆಯತ್ತ ಬಾಗುತ್ತದೆ. ಸ್ವಲ್ಪ ಹೊತ್ತಿಗೆ ಗೊರಕೆಯ ಸದ್ದು ಕೇಳಿಬರುತ್ತದೆ. ಪಕ್ಕದವರು ಮೊಣಕೈಯಿಂದ ತಿವಿಯುತ್ತಾರೆ, ಹಿಂದಿನ ಸಾಲಿನ ಹುಡುಗರು ಮುಸಿಮುಸಿ ನಗುತ್ತಾರೆ. ಹಿರಿಯರು ಬೆಚ್ಚಿ ಕಣ್ತೆರೆದು, ಹೆಗಲ ಮೇಲಿನ ವಲ್ಲಿಯನ್ನು ಸರಿಪಡಿಸಿಕೊಂಡು, ನಾಚಿಕೆಯಿಂದ ಮತ್ತೆ ನೆಟ್ಟಗೆ ಕೂರುತ್ತಾರೆ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತಲೆ ಪುನಃ ಬಾಗಿರುತ್ತದೆ.

ಆ ನಗೆಯಲ್ಲಿ ದುರುದ್ದೇಶವಿಲ್ಲ, ನಿಜ. ಆದರೆ ಅದರ ಹಿಂದೆ ಎರಡು ತಪ್ಪು ತಿಳುವಳಿಕೆಗಳಿವೆ. ಗೊರಕೆ ಹೊಡೆಯುವವನು ಗಾಢನಿದ್ರೆಯ ಸುಖವನ್ನು ಅನುಭವಿಸುತ್ತಿದ್ದಾನೆ ಎಂಬುದು ಮೊದಲನೆಯದು. ಹಗಲಿನಲ್ಲಿ ತೂಕಡಿಸುವವನು ಸೋಮಾರಿ ಎಂಬುದು ಎರಡನೆಯದು. ಕುಂಭಕರ್ಣನ ಕಥೆಯನ್ನು ಕೇಳಿ ಬೆಳೆದ ನಮಗೆ ಇವೆರಡೂ ಒಂದೇ ಸ್ವಭಾವದ ಎರಡು ಮುಖಗಳಾಗಿ ಕಾಣುವುದು ಸಹಜ. ವಾಸ್ತವದಲ್ಲಿ ಏರುದನಿಯ ಗೊರಕೆ, ನಡುನಡುವೆ ಉಸಿರಿನ ನಿಲುಗಡೆ, ಹಗಲಿನ ತೂಕಡಿಕೆ ಈ ಮೂರೂ ಒಬ್ಬರಲ್ಲಿ ಕೂಡಿಬಂದರೆ, ಅವರು ಅತಿಯಾಗಿ ನಿದ್ರಿಸುವವರಲ್ಲ, ನಿದ್ರೆಯಿಂದ ವಂಚಿತರಾದವರು. ಈ ಸ್ಥಿತಿಯನ್ನು ನಿದ್ರಾ ಶ್ವಾಸಸ್ತಂಭನ ಎನ್ನಬಹುದು. ವೈದ್ಯರ ಬಾಯಲ್ಲಿ ಅದು ಸ್ಲೀಪ್ ಆಪ್ನಿಯ.

ಕಾಯಕವನ್ನು ಧರ್ಮದ ಸ್ಥಾನಕ್ಕೆ ಏರಿಸಿದ ಪರಂಪರೆ ನಮ್ಮದು. ದುಡಿಯದೆ ಉಣ್ಣುವುದನ್ನು ಶರಣರು ಒಪ್ಪಲಿಲ್ಲ. ಆ ಹಿರಿಮೆಯನ್ನು ಉಳಿಸಿಕೊಳ್ಳುತ್ತಲೇ ನಾವು ಒಂದು ಎಚ್ಚರವನ್ನೂ ಇಟ್ಟುಕೊಳ್ಳಬೇಕು. ಕಾಯಕಕ್ಕೆ ಕಾಯ ಬೇಕು. ಕಾಯ ಸೋತವನನ್ನು ಮನಸ್ಸು ಸೋತವನೆಂದು ತೀರ್ಪು ಕೊಡುವುದು ಕಾಯಕನಿಷ್ಠೆಯಲ್ಲ, ಅನ್ಯಾಯ.

ಒಬ್ಬ ಶಿಕ್ಷಕರ ಪ್ರಶ್ನೆ

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ಚಿಕಿತ್ಸೆಗಾಗಿ ನನ್ನಲ್ಲಿಗೆ ಬಂದಿದ್ದರು. ಮೂರು ಬಗೆಯ ಮಾತ್ರೆಗಳನ್ನು ತಪ್ಪದೆ ಸೇವಿಸುತ್ತಿದ್ದರೂ ಅವರ ರಕ್ತದೊತ್ತಡ ಹತೋಟಿಗೆ ಬಂದಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಇದು ವೈದ್ಯರಿಗೆ ಹೇಳುವ ಮಾತೋ ಅಲ್ಲವೋ ಎಂದು ಸಂಕೋಚಪಡುತ್ತಲೇ ಅವರು ಒಂದು ವಿಷಯವನ್ನು ಹೊರಗೆಡಹಿದರು. ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನಿಲ್ಲಿಸಿದೊಡನೆ ಕಣ್ಣು ಮುಚ್ಚಿಹೋಗುತ್ತಿತ್ತು. ನಲವತ್ತು ವರ್ಷಗಳ ನೇಮದಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ. ತಮ್ಮ ಭಕ್ತಿಯೇ ಸಡಿಲವಾಯಿತೆ ಎಂಬ ಕೊರಗಿನಲ್ಲಿ ಅವರು ಎರಡು ವರ್ಷ ಕಳೆದಿದ್ದರು.

ಉತ್ತರ ಅವರ ಬಳಿ ಇರಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವರ ಪತ್ನಿಯ ಬಳಿ ಇತ್ತು. ರಾತ್ರಿ ಇವರ ಗೊರಕೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ, ಎದೆ ಏಳುತ್ತ ಬೀಳುತ್ತ ಇರುತ್ತದೆ, ಉಸಿರು ಮಾತ್ರ ಬರುವುದಿಲ್ಲ. ಅದು ಮರಳುವ ತನಕ ತಾನು ಕತ್ತಲಲ್ಲಿ ಎಣಿಸುತ್ತ ಮಲಗಿರುತ್ತೇನೆ ಎಂದು ಆ ತಾಯಿ ಹೇಳಿದರು. ಅಲ್ಲಿಯವರೆಗೆ ಯಾವ ವೈದ್ಯರೂ ಆಕೆಯನ್ನು ಏನನ್ನೂ ಕೇಳಿರಲಿಲ್ಲ. ನಾನೂ ಮೊದಲ ಭೇಟಿಯಲ್ಲಿ ಕೇಳಿರಲಿಲ್ಲ. ನಿದ್ರಾ ಪರೀಕ್ಷೆ ಮಾಡಿಸಿದಾಗ ಅವರ ಉಸಿರು ಗಂಟೆಗೆ 40ಕ್ಕೂ ಹೆಚ್ಚು ಬಾರಿ ತಡೆಯಾಗುತ್ತಿರುವುದು ಕಂಡುಬಂದಿತು. ಏಳು ಗಂಟೆಗಳ ನಿದ್ರೆಗೆ ಲೆಕ್ಕ ಹಾಕಿದರೆ ಅದು 280ನ್ನು ದಾಟುತ್ತದೆ. ಅಷ್ಟು ಬಾರಿ ಎಬ್ಬಿಸಲ್ಪಟ್ಟ ಯಾವ ಭಕ್ತನ ದೃಷ್ಟಿ ತಾನೆ ಬೆಳಗಿನ ಜಾವ ಸ್ಥಿರವಾಗಿ ನಿಂತೀತು?

ನಿದ್ರೆಯಲ್ಲಿ ನಡೆಯುವುದೇನು?

ಮೂಗಿನಿಂದ ಶ್ವಾಸಕೋಶದವರೆಗಿನ ಗಾಳಿಯ ಹಾದಿಯಲ್ಲಿ ಗಂಟಲಿನ ಭಾಗ ಉಳಿದೆಡೆಗಿಂತ ಭಿನ್ನ. ಮೂಗಿಗೆ ಎಲುಬಿನ ಆಸರೆಯಿದೆ, ಶ್ವಾಸನಾಳಕ್ಕೆ ಮೃದ್ವಸ್ಥಿಯ ಬಳೆಗಳಿವೆ. ಗಂಟಲು ಮಾತ್ರ ಮೆತ್ತನೆಯ ಕೊಳವೆ. ನುಂಗುವುದಕ್ಕೂ ನುಡಿಯುವುದಕ್ಕೂ ಅದು ಹಾಗೆಯೇ ಇರಬೇಕು. ಎಚ್ಚರದಲ್ಲಿರುವಾಗ ಅಲ್ಲಿಯ ಸ್ನಾಯುಗಳು ಬಿಗಿಯಾಗಿದ್ದು ದಾರಿಯನ್ನು ತೆರೆದಿಡುತ್ತವೆ. ನಿದ್ರೆ ಬಂದಾಗ ಅವು ಸಡಿಲಗೊಳ್ಳುತ್ತವೆ, ನಾಲಗೆ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾಗಿ ಅಂಗುಳು ಕಂಪಿಸಿದರೆ ಅದು ಗೊರಕೆ. ದಾರಿ ಪೂರ್ತಿ ಮುಚ್ಚಿ 10 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ಗಾಳಿ ನಿಂತರೆ ಅದು ಶ್ವಾಸಸ್ತಂಭನ.

ಆಗ ಎದೆ ಮತ್ತು ವಪೆ ಗಾಳಿಯನ್ನು ಎಳೆಯುತ್ತಲೇ ಇರುತ್ತವೆ, ಆದರೆ ಗಾಳಿ ಒಳಗೆ ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಮಿದುಳು ಅಪಾಯವನ್ನರಿತು ಕೆಲವೇ ಕ್ಷಣ ಎಚ್ಚರಗೊಳ್ಳುತ್ತದೆ, ಸ್ನಾಯುಗಳು ಬಿಗಿಯಾಗುತ್ತವೆ, ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ, ಮನುಷ್ಯ ಮತ್ತೆ ನಿದ್ರೆಗೆ ಜಾರುತ್ತಾನೆ. ಬೆಳಗಾದಾಗ ಇದಾವುದೂ ನೆನಪಿರುವುದಿಲ್ಲ. ಪ್ರತಿ ತಡೆಯಲ್ಲಿಯೂ ಹೃದಯಕ್ಕೆ ಗಾಬರಿಯ ಸಂದೇಶ ತಲುಪುತ್ತದೆ, ರಕ್ತದೊತ್ತಡ ಏರುತ್ತದೆ. ವಿಶ್ರಾಂತಿಯ ಹೊತ್ತು ಹೋರಾಟದ ಹೊತ್ತಾಗುತ್ತದೆ. ಮಿದುಳೇ ಉಸಿರಾಟದ ಆಜ್ಞೆಯನ್ನು ಕಳುಹಿಸದಿರುವ ಇನ್ನೊಂದು ಬಗೆಯೂ ಉಂಟು. ಹೃದಯ ದುರ್ಬಲಗೊಂಡವರಲ್ಲಿ ಅದು ಕಾಣಿಸಿಕೊಳ್ಳಬಹುದು. ಆದರೆ ಬಹುತೇಕ ರೋಗಿಗಳಲ್ಲಿ ಇರುವುದು ಗಂಟಲು ಮುಚ್ಚಿಕೊಳ್ಳುವ ಬಗೆಯೇ.

ಔಷಧಕ್ಕೆ ಬಗ್ಗದ ರಕ್ತದೊತ್ತಡ, ಬೆಳಗಿನ ತಲೆನೋವು, ಒಣಗಿದ ಬಾಯಿ, ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು, ಮರೆವು, ಸಿಡುಕು, ಖಿನ್ನತೆ ಇವೆಲ್ಲ ಈ ರೋಗದ ಜಾಡುಗಳಾಗಿರಬಹುದು. ಹೃದಯದ ಲಯ ತಪ್ಪುವಿಕೆ, ಪಾರ್ಶ್ವವಾಯು, ಮಧುಮೇಹಗಳೊಂದಿಗೂ ಇದಕ್ಕೆ ನಿಕಟ ನಂಟಿದೆ. ಖ್ಯಾತ ಸಂಗೀತ ನಿರ್ದೇಶಕ ಬಪ್ಪಿ ಲಾಹಿರಿಯವರು 2022ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ನಿಧನರಾದಾಗ, ಅವರಿಗೆ ಈ ಕಾಯಿಲೆಯಿದ್ದುದನ್ನು ಚಿಕಿತ್ಸೆ ನೀಡಿದ ವೈದ್ಯರು ತಿಳಿಸಿದ್ದರು. ಅನೇಕ ಭಾರತೀಯರು ಈ ರೋಗದ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ಅಂದೇ ಇರಬೇಕು.

ವೈದ್ಯಲೋಕವೂ ಬಹುಕಾಲ ಇದನ್ನು ಹಾಸ್ಯವೆಂದೇ ಕಂಡಿತ್ತು. ಇಂಗ್ಲೆಂಡಿನ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ 1836–37ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆಹೋಗುವ ಸ್ಥೂಲಕಾಯದ ಹುಡುಗನೊಬ್ಬನನ್ನು ನಗೆಗಾಗಿ ಚಿತ್ರಿಸಿದ್ದ. 1956ರಲ್ಲಿ ಅಮೆರಿಕದ ವೈದ್ಯರು ಅಂಥದೇ ರೋಗಿಯನ್ನು ವರ್ಣಿಸುವಾಗ ಆ ಕಾದಂಬರಿಯ ಹೆಸರನ್ನೇ ರೋಗಕ್ಕೆ ಬಳಸಿದರು. ನಿದ್ರೆಯಲ್ಲಿ ಉಸಿರು ನಿಲ್ಲುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ದಾಖಲಿಸಿದ್ದು 1965ರಲ್ಲಿ. ಒಂದು ರೋಗಸಮೂಹವಾಗಿ ಅದಕ್ಕೆ ಇಂದಿನ ಹೆಸರು ಬಂದದ್ದು 1976ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರಿಂದ. ನಗೆಯ ವಸ್ತು ರೋಗವೆಂದು ಮಾನ್ಯವಾಗಲು ಸುಮಾರು 140 ವರ್ಷಗಳು ಹಿಡಿದವು. ನಮ್ಮ ಮನೆಗಳಲ್ಲಿ ಆ ಮಾನ್ಯತೆ ಇನ್ನೂ ಬರಬೇಕಾಗಿದೆ.

ಯಾರಿಗೆ, ಹೇಗೆ ತಿಳಿಯುವುದು?

ದೆಹಲಿಯ ಏಮ್ಸ್ ಸಂಸ್ಥೆಯ ಸಂಶೋಧಕರು ದೇಶದ ವಿವಿಧ ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ದುಡಿಯುವ ವಯಸ್ಸಿನ ಸುಮಾರು 10.4 ಕೋಟಿ ಭಾರತೀಯರಿಗೆ ಈ ತೊಂದರೆಯಿದೆ, ಅವರಲ್ಲಿ 4.7 ಕೋಟಿ ಜನರ ಸ್ಥಿತಿ ಮಧ್ಯಮ ಅಥವಾ ತೀವ್ರ ಮಟ್ಟದ್ದು. ಪುರುಷರಲ್ಲಿ ಶೇಕಡ 13, ಮಹಿಳೆಯರಲ್ಲಿ ಶೇಕಡ 5ರಷ್ಟು ಎಂದು ಅದೇ ಅಧ್ಯಯನ ಹೇಳುತ್ತದೆ.

ಬೊಜ್ಜು ಮುಖ್ಯ ಕಾರಣ; ಕೊರಳಿನ ಸುತ್ತಲಿನ ಕೊಬ್ಬು ವಿಶೇಷವಾಗಿ. ಆದರೆ ತೆಳ್ಳಗಿರುವವರು ನಿಶ್ಚಿಂತರಾಗಿರಬೇಕಿಲ್ಲ. ಚಿಕ್ಕ ದವಡೆ, ದಪ್ಪ ನಾಲಗೆ, ದೊಡ್ಡ ಗಲಗ್ರಂಥಿ, ಮೂಗಿನ ತಡೆ, ಥೈರಾಯ್ಡ್ ಕೊರತೆ, ವಂಶಗುಣ ಇವೂ ಕಾರಣಗಳಾಗುತ್ತವೆ. ಮಹಿಳೆಯರಲ್ಲಿ ಮುಟ್ಟು ನಿಂತ ಬಳಿಕ ಸಂಭವ ಹೆಚ್ಚು. ಅವರಲ್ಲಿ ಗೊರಕೆಗಿಂತ ಆಯಾಸ, ನಿದ್ರೆ ಬಾರದಿರುವಿಕೆ, ಖಿನ್ನತೆಗಳೇ ಮುಂದಾಗಿ ಕಾಣುವುದರಿಂದ ರೋಗ ಮರೆಯಾಗಿ ಉಳಿಯುತ್ತದೆ. ಹೆಣ್ಣುಮಗಳು ಗೊರಕೆ ಹೊಡೆಯುತ್ತಾಳೆಂದು ಹೇಳಿಕೊಳ್ಳುವುದಕ್ಕೆ ಇರುವ ನಾಚಿಕೆಯೂ ಅದಕ್ಕೆ ಜೊತೆಯಾಗುತ್ತದೆ. ಬಂಧುಗಳ ಮನೆಯ ಮದುವೆಗೆ ಹೋದರೆ ಎಲ್ಲರೊಡನೆ ಮಲಗಬೇಕಾಗುತ್ತದೆಂದು ರಾತ್ರಿಯೇ ಊರಿಗೆ ಮರಳುವ ತಾಯಂದಿರಿದ್ದಾರೆ. ಅವರಿಗೆ ಬೇಕಾದುದು ಮರೆಮಾಚುವ ಉಪಾಯವಲ್ಲ, ಪರೀಕ್ಷೆ.

ಕೆನಡಾದ ಅರಿವಳಿಕೆ ತಜ್ಞರು 2008ರಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕೇಳಲೆಂದು ಎಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ರೂಪಿಸಿದರು. ಮುಚ್ಚಿದ ಬಾಗಿಲಾಚೆಗೂ ಕೇಳುವಷ್ಟು ಜೋರಾದ ಗೊರಕೆಯಿದೆಯೆ? ಹಗಲಿನಲ್ಲಿ ದಣಿವು, ತೂಕಡಿಕೆ ಇದೆಯೆ? ನಿದ್ರೆಯಲ್ಲಿ ಉಸಿರು ನಿಂತುದನ್ನು ಯಾರಾದರೂ ಕಂಡಿದ್ದಾರೆಯೆ? ರಕ್ತದೊತ್ತಡ ಹೆಚ್ಚಿದೆಯೆ? ತೂಕ ಮಿತಿಮೀರಿದೆಯೆ? ವಯಸ್ಸು 50 ದಾಟಿದೆಯೆ? ಕೊರಳು ದಪ್ಪವೆ? ಪುರುಷರೆ? ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ ವೈದ್ಯರನ್ನು ಕಾಣಬೇಕು. ಐದಕ್ಕೆ ಬಂದರೆ ತಡಮಾಡಲೇಬಾರದು. ಈ ಪಟ್ಟಿಯ ಮೂರನೆಯ ಪ್ರಶ್ನೆಯನ್ನು ಗಮನಿಸಿ. ಅದಕ್ಕೆ ರೋಗಿ ತಾನೇ ಉತ್ತರಿಸಲಾರ.

ಖಚಿತ ನಿರ್ಣಯಕ್ಕೆ ಪಾಲಿಸೋಮ್ನೋಗ್ರಫಿ ಎಂಬ ಪರೀಕ್ಷೆಯಿದೆ. ಒಂದು ರಾತ್ರಿಯ ನಿದ್ರೆಯಲ್ಲಿ ಮಿದುಳಿನ ತರಂಗ, ಉಸಿರಾಟ, ಎದೆಯ ಚಲನೆ, ಹೃದಯದ ಬಡಿತ, ಆಮ್ಲಜನಕದ ಪ್ರಮಾಣ ಇವನ್ನು ನೋವಿಲ್ಲದೆ ದಾಖಲಿಸುತ್ತಾರೆ. ಆಯ್ದ ರೋಗಿಗಳಿಗೆ ಮನೆಯಲ್ಲಿಯೇ ಚಿಕ್ಕ ಉಪಕರಣದಿಂದ ಪರೀಕ್ಷೆ ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಾರ್ವಜನಿಕ ಸಂಸ್ಥೆಯಲ್ಲಿಯೂ ನಿದ್ರಾ ಪ್ರಯೋಗಾಲಯವಿದೆ. ಗಂಟೆಗೆ 5ರಿಂದ 14 ತಡೆಗಳಿದ್ದರೆ ಸೌಮ್ಯ, 15ರಿಂದ 29 ಇದ್ದರೆ ಮಧ್ಯಮ, 30 ಮತ್ತು ಅದಕ್ಕೆ ಮೇಲ್ಪಟ್ಟರೆ ತೀವ್ರ ಎಂದು ವರ್ಗೀಕರಿಸುತ್ತಾರೆ.

ಚಿಕಿತ್ಸೆಯ ದಾರಿಗಳು

1981ರವರೆಗೆ ತೀವ್ರ ರೋಗಿಗಳಿಗೆ ಇದ್ದ ನೆಚ್ಚಬಹುದಾದ ಉಪಾಯವೆಂದರೆ ಕೊರಳಿನಲ್ಲಿ ರಂಧ್ರ ಮಾಡಿ ಶ್ವಾಸನಾಳಕ್ಕೆ ನೇರ ದಾರಿ ಕಲ್ಪಿಸುವುದು. ಆ ವರ್ಷ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಕಾಲಿನ್ ಸಲ್ಲಿವನ್ ಎಂಬ ವೈದ್ಯರು, ಮೂಗಿನ ಮೂಲಕ ಸತತವಾಗಿ ಗಾಳಿಯನ್ನು ಹಗುರವಾದ ಒತ್ತಡದಿಂದ ಹರಿಸಿದರೆ ಗಂಟಲು ಮುಚ್ಚಿಕೊಳ್ಳುವುದಿಲ್ಲವೆಂದು ತೋರಿಸಿಕೊಟ್ಟರು. ಸಿಪ್ಯಾಪ್ ಎಂದು ಹೆಸರಾದ ಆ ಯಂತ್ರವೇ ಇಂದಿಗೂ ಮಧ್ಯಮ ಮತ್ತು ತೀವ್ರ ರೋಗಕ್ಕೆ ಪ್ರಧಾನ ಚಿಕಿತ್ಸೆ. ಅದು ಆಮ್ಲಜನಕದ ಸಿಲಿಂಡರ್ ಅಲ್ಲ; ಕೋಣೆಯ ಗಾಳಿಯನ್ನೇ ಬಳಸಿ ಗಂಟಲಿಗೆ ಒಳಗಿನಿಂದ ಆಧಾರಗಂಬ ಕೊಡುತ್ತದೆ. ಬಳಸಿದ ರಾತ್ರಿ ಫಲವುಂಟು, ಬಿಟ್ಟ ರಾತ್ರಿ ಇಲ್ಲ. ಕನ್ನಡಕದಂತೆ ಅದು ನಿತ್ಯದ ನೆರವು, ಗುಣಪಡಿಸುವ ಔಷಧವಲ್ಲ.

ಈ ಯಂತ್ರದ ಬಗ್ಗೆ ಅತಿಯಾಗಿ ಹೇಳುವುದೂ ತಪ್ಪು. ಹೃದಯ ಅಥವಾ ಮಿದುಳಿನ ರಕ್ತನಾಳಗಳ ಕಾಯಿಲೆ ಈಗಾಗಲೇ ಇದ್ದ 2,717 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಸಿಪ್ಯಾಪ್ ಬಳಕೆಯಿಂದ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾದುದು ಕಂಡುಬರಲಿಲ್ಲ. ಆ ರೋಗಿಗಳು ಯಂತ್ರವನ್ನು ಸರಾಸರಿ 3.3 ಗಂಟೆ ಮಾತ್ರ ಧರಿಸಿದ್ದರೆಂಬುದನ್ನೂ ನೆನಪಿಡಬೇಕು. ಆದರೆ ಹಗಲಿನ ತೂಕಡಿಕೆ, ಮನಸ್ಸಿನ ಸ್ಥಿತಿ, ಜೀವನದ ಗುಣಮಟ್ಟ ಇವು ಅದೇ ಅಧ್ಯಯನದಲ್ಲಿ ಸುಧಾರಿಸಿದ್ದವು. ಆದ್ದರಿಂದ ಯಂತ್ರ ಹಾಕಿಕೊಂಡ ಮಾತ್ರಕ್ಕೆ ರಕ್ತದೊತ್ತಡದ ಮಾತ್ರೆಯನ್ನೋ ಪಥ್ಯವನ್ನೋ ಕೈಬಿಡಬಾರದು. ಎಚ್ಚರದ ಹಗಲನ್ನು ಮರಳಿ ಕೊಡುವುದು ಅದರ ನಿಶ್ಚಿತ ಫಲ. ನನ್ನ ಅಭಿಪ್ರಾಯದಲ್ಲಿ ಅದೇನೂ ಚಿಕ್ಕ ಫಲವಲ್ಲ.

ಮೊದಮೊದಲು ಮುಖಕವಚ ಹಿಂಸೆಯೆನಿಸುತ್ತದೆ. ಅನೇಕರು ಮೊದಲ ವಾರದಲ್ಲಿಯೇ ಅದನ್ನು ಅಟ್ಟಕ್ಕೆ ಏರಿಸುತ್ತಾರೆ. ಸರಿಯಾದ ಅಳತೆಯ ಮುಖಕವಚ, ಗಾಳಿಗೆ ತೇವ ಕೊಡುವ ವ್ಯವಸ್ಥೆ, ಹಗಲಿನಲ್ಲಿ ಕುಳಿತಿರುವಾಗ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿಕೊಳ್ಳುವುದು ಇವುಗಳಿಂದ ಬಹಳಷ್ಟು ತೊಂದರೆ ನೀಗುತ್ತದೆ. ವಿದ್ಯುತ್ ಕೈಕೊಡುವ ಊರುಗಳಲ್ಲಿ ಬ್ಯಾಟರಿಯ ಏರ್ಪಾಡಿರಬೇಕು. ಯಂತ್ರದ ಬೆಲೆ ಹತ್ತಾರು ಸಾವಿರ ರೂಪಾಯಿಗಳಾಗುವುದರಿಂದ, ಕೊಳ್ಳುವ ಮೊದಲು ಕೆಲವು ದಿನ ಬಾಡಿಗೆಗೆ ಪಡೆದು ನೋಡುವುದು ಜಾಣತನ.

ಸೌಮ್ಯ ಮತ್ತು ಮಧ್ಯಮ ರೋಗದಲ್ಲಿ, ಇಲ್ಲವೇ ಸಿಪ್ಯಾಪ್ ಒಗ್ಗದವರಲ್ಲಿ, ಕೆಳದವಡೆಯನ್ನು ತುಸು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಅಂಗಾತ ಮಲಗಿದಾಗ ಮಾತ್ರ ತಡೆ ಹೆಚ್ಚುವವರಿಗೆ ಮಗ್ಗುಲಾಗಿ ಮಲಗುವ ಅಭ್ಯಾಸವೇ ಸಾಕಷ್ಟು ನೆರವಾದೀತು. ಮೂಗು, ಗಲಗ್ರಂಥಿ, ಅಂಗುಳು, ದವಡೆಗಳ ಶಸ್ತ್ರಚಿಕಿತ್ಸೆಗಳಿವೆ. ತಡೆ ಎಲ್ಲಿದೆಯೆಂಬುದನ್ನು ಅರಿತು ಆಯ್ದವರಿಗೆ ಮಾತ್ರ ಅವು ತಕ್ಕವು. ನಾಲಗೆಯ ನರವನ್ನು ಪ್ರಚೋದಿಸುವ ಒಳಕಸಿಯ ಉಪಕರಣಕ್ಕೆ ಅಮೆರಿಕದಲ್ಲಿ 2014ರಲ್ಲಿ ಅನುಮತಿ ದೊರೆಯಿತು. ಅದು ಅತ್ಯಂತ ದುಬಾರಿ.

ತೂಕ ಇಳಿಸುವುದು ಬೊಜ್ಜಿರುವ ಎಲ್ಲರಿಗೂ ಹಿತಕರ. ದೇಹತೂಕ ಶೇಕಡ 10 ಇಳಿದರೆ ಉಸಿರಿನ ತಡೆಗಳು ಸುಮಾರು ಶೇಕಡ 26ರಷ್ಟು ಕಡಿಮೆಯಾಗುತ್ತವೆಂದು ಅಮೆರಿಕದ ವಿಸ್ಕಾನ್ಸಿನ್ ಅಧ್ಯಯನ 2000ದಲ್ಲಿ ತೋರಿಸಿದೆ. ಬೊಜ್ಜಿನೊಂದಿಗೆ ಈ ರೋಗವುಳ್ಳವರಿಗೆ ಟಿರ್ಜೆಪಟೈಡ್ ಎಂಬ ವಾರಕ್ಕೊಮ್ಮೆಯ ಚುಚ್ಚುಮದ್ದನ್ನು ಅಮೆರಿಕ 2024ರ ಡಿಸೆಂಬರಿನಲ್ಲಿ ಮಾನ್ಯ ಮಾಡಿತು. ತಜ್ಞರ ಮೇಲ್ವಿಚಾರಣೆಯಿಲ್ಲದೆ ಅದನ್ನು ಬಳಸುವಂತಿಲ್ಲ. ಮದ್ಯ ಮತ್ತು ನಿದ್ರೆಯ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ. ನಿದ್ರೆ ಸಾಲದೆಂದು ತಾವಾಗಿಯೇ ಮಾತ್ರೆ ನುಂಗುವುದು ಬೆಂಕಿಗೆ ತುಪ್ಪ ಸುರಿದಂತೆ.

ಪ್ರಾಣಾಯಾಮದಿಂದಲೇ ಇದು ವಾಸಿಯಾಗದೆ ಎಂದು ಭಕ್ತರು ಕೇಳುವುದುಂಟು. ಗಂಟಲು, ನಾಲಗೆಗಳ ವ್ಯಾಯಾಮದಿಂದ ಕೆಲವರಿಗೆ ಉಪಯೋಗವಿದೆ. ಜೈಪುರದಲ್ಲಿ 30 ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆರು ತಿಂಗಳು ನಿಯಮಿತವಾಗಿ ಶಂಖ ಊದಿದವರಲ್ಲಿ ತಡೆಗಳು ಗಂಟೆಗೆ ನಾಲ್ಕೈದರಷ್ಟು ಇಳಿದವು, ತೂಕಡಿಕೆಯೂ ತಗ್ಗಿತು. ಸಂತೋಷದ ಸಂಗತಿ. ಆದರೆ ಗಂಟೆಗೆ 40 ತಡೆಗಳಿರುವವರಿಗೆ ನಾಲ್ಕೈದು ಕಡಿಮೆಯಾದರೆ ಉಳಿದವು ಎಷ್ಟೆಂದು ಲೆಕ್ಕ ಹಾಕಬೇಕು. ಇಂಥ ಸಾಧನೆ ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಬದಲಿಗೆ ಬೇಡ.

ನಮ್ಮ ಹೊಣೆ

ಮಕ್ಕಳ ವಿಚಾರವನ್ನು ಬೇರೆಯಾಗಿ ಹೇಳಬೇಕು. ಬಾಯಿ ತೆರೆದು ಮಲಗುವ, ನಿತ್ಯ ಗೊರಕೆ ಹೊಡೆಯುವ, ದೊಡ್ಡವರಾದರೂ ಹಾಸಿಗೆಯಲ್ಲಿ ಮೂತ್ರ ಮಾಡುವ, ಪಾಠದಲ್ಲಿ ಗಮನ ನಿಲ್ಲದೆ ಚಡಪಡಿಸುವ ಮಗುವಿಗೆ ಗಲಗ್ರಂಥಿ ಅಥವಾ ಮೂಗಿನ ಹಿಂದಿನ ಅಡಿನಾಯ್ಡ್ ಗ್ರಂಥಿ ಊದಿ ದಾರಿಗೆ ಅಡ್ಡವಾಗಿರಬಹುದು. ಮಕ್ಕಳಲ್ಲಿ ಈ ರೋಗ ತೂಕಡಿಕೆಗಿಂತ ತುಂಟತನವಾಗಿ ತೋರುವುದೇ ಹೆಚ್ಚು. ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಬಹಳಷ್ಟು ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಮ್ಮ ಮಠಗಳ ಪ್ರಸಾದ ನಿಲಯಗಳಲ್ಲಿ ನೂರಾರು ಮಕ್ಕಳು ಸಾಲಾಗಿ ಮಲಗುತ್ತಾರೆ. ತಂದೆತಾಯಿಯರು ಕಾಣಬೇಕಾದುದನ್ನು ಅಲ್ಲಿ ನಿಲಯಪಾಲಕರೇ ಕಾಣಬೇಕು. ರಾತ್ರಿಯ ಒಂದು ಸುತ್ತಿನಲ್ಲಿ ಯಾವ ಮಗು ಉಸಿರಿಗಾಗಿ ಹೆಣಗುತ್ತಿದೆಯೆಂದು ಗಮನಿಸುವುದೂ ದಾಸೋಹವೇ.

ವಾಹನ ಚಾಲಕರ ವಿಷಯದಲ್ಲಿ ಈ ರೋಗ ಅವರೊಬ್ಬರದಾಗಿ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ, ಅತಿಯಾದ ತೂಕಡಿಕೆಯೊಡನೆ ಈ ರೋಗವುಳ್ಳ ಚಾಲಕರು ಪರವಾನಗಿ ಇಲಾಖೆಗೆ ತಿಳಿಸಬೇಕು. ಲಕ್ಷಣಗಳು ಹತೋಟಿಗೆ ಬರುವವರೆಗೆ ವಾಹನ ಓಡಿಸುವಂತಿಲ್ಲ. ನಮ್ಮಲ್ಲಿ ರಾತ್ರಿಯ ಬಸ್ಸು, ಲಾರಿ ನಡೆಸುವವರಿಗೆ ಕಣ್ಣಿನ ಪರೀಕ್ಷೆಯಷ್ಟೇ ಸಹಜವಾಗಿ ನಿದ್ರೆಯ ವಿಚಾರಣೆಯೂ ನಡೆಯಬೇಕು. ಅದು ಉದ್ಯೋಗವನ್ನು ಕಸಿಯುವ ವಿಚಾರಣೆಯಾಗಬಾರದು, ಚಿಕಿತ್ಸೆ ಕೊಡಿಸಿ ಕೆಲಸಕ್ಕೆ ಮರಳಿಸುವ ವಿಚಾರಣೆಯಾಗಬೇಕು. ಇಲ್ಲದಿದ್ದರೆ ಯಾವ ಚಾಲಕನೂ ಬಾಯಿ ಬಿಡಲಾರ.

ಜಾತ್ರೆಯ ಸಂದರ್ಭದಲ್ಲಿ ಮಠಗಳು ನಡೆಸುವ ಉಚಿತ ತಪಾಸಣಾ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವ ಮೇಜಿನ ಬಳಿಯಲ್ಲಿಯೇ ಈ ಮೂರು ಪ್ರಶ್ನೆಗಳನ್ನು ಕೇಳುವಂತಾಗಲಿ: ಗೊರಕೆಯಿದೆಯೆ, ಉಸಿರು ನಿಂತುದನ್ನು ಯಾರಾದರೂ ಕಂಡಿದ್ದಾರೆಯೆ, ಹಗಲು ತೂಕಡಿಕೆಯಿದೆಯೆ. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಸಾಧ್ಯವಾದರೆ ಪತಿಯೊಡನೆ ಪತ್ನಿಯನ್ನೂ, ಪತ್ನಿಯೊಡನೆ ಪತಿಯನ್ನೂ ಕೂರಿಸಿ ಕೇಳಬೇಕು. ಕೆಲವು ಸಿಪ್ಯಾಪ್ ಯಂತ್ರಗಳನ್ನು ಕೊಂಡಿಟ್ಟು, ಬಡ ರೋಗಿಗಳಿಗೆ ಪ್ರತ್ಯೇಕ ಮುಖಕವಚದೊಂದಿಗೆ ಎರವಲು ಕೊಡುವ ವ್ಯವಸ್ಥೆಯನ್ನು ಮಠದ ಆಸ್ಪತ್ರೆಗಳು ಯೋಚಿಸಬಹುದು.

ಆ ಶಿಕ್ಷಕರು ಯಂತ್ರಕ್ಕೆ ಒಗ್ಗಿಕೊಳ್ಳಲು ನಾಲ್ಕು ತಿಂಗಳು ಹಿಡಿಯಿತು. ಈಗಲೂ ವಾರದಲ್ಲಿ ಒಂದೆರಡು ರಾತ್ರಿ ಬೇಸರದಿಂದ ಅದನ್ನು ಕಿತ್ತಿಡುತ್ತಾರಂತೆ. ಮಾತ್ರೆ ಮೂರರಿಂದ ಎರಡಕ್ಕೆ ಇಳಿದಿದೆ, ನಿಂತಿಲ್ಲ. ಪೂಜೆಯ ವಿಷಯವನ್ನು ನಾನು ಕೇಳಲಿಲ್ಲ. ಅದು ಅವರ ಮತ್ತು ಅವರ ಲಿಂಗಯ್ಯನ ನಡುವಿನದು. ಆದರೆ ಕಳೆದ ಸಲ ಬಂದಾಗ ಅವರ ಪತ್ನಿ ಒಂದು ಮಾತು ಹೇಳಿದರು. ಈಗ ತಾವು ರಾತ್ರಿ ಎಣಿಸುವುದನ್ನು ಬಿಟ್ಟಿದ್ದಾರಂತೆ.

ನಿಮ್ಮ ಮನೆಯಲ್ಲಿಯೂ ಹಾಗೆ ಎಣಿಸುತ್ತ ಎಚ್ಚರವಾಗಿರುವವರು ಒಬ್ಬರಿರಬಹುದು. ಮುಂದಿನ ಸಲ ವೈದ್ಯರ ಬಳಿಗೆ ಹೋಗುವಾಗ ಅವರನ್ನು ಜೊತೆಗೆ ಕರೆದೊಯ್ಯಿರಿ. ಪ್ರವಚನದಲ್ಲಿ ಪಕ್ಕದವರು ತೂಕಡಿಸಿದರೆ ನಗುವ ಮೊದಲು, ರಾತ್ರಿ ನಿದ್ರೆ ಹೇಗಿದೆಯೆಂದು ಮಂಗಳದ ಬಳಿಕ ಮೆಲ್ಲನೆ ಕೇಳಿರಿ.